ಕಡಲಿಗೆ ಮರಳಿದ ಮೀನಿನ ಲೆಕ್ಕ

ಕಬ್ಬು ನುರಿಸುವ ಹಂಗಾಮು ಪ್ರಾರಂಭವಾಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರಸ್ತೆಗಳಲ್ಲೆಲ್ಲ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಗಾಡಿ ಕಾಟಾದ ಮೇಲೆ ನಿಂತಾಗ ರೈತನ ದೃಷ್ಟಿಯೆಲ್ಲ ಅಲ್ಲಿ ಮೂಡುವ ಅಂಕಿಯ ಮೇಲೆ ಇರುತ್ತದೆ. ವರ್ಷದ ದುಡಿಮೆಯೆಲ್ಲ ಆ ಒಂದು ಅಂಕಿಯಲ್ಲಿ ಅಡಗಿದೆಯಷ್ಟೆ! ಅಂಕಿಯ ಬಗೆಗೆ ಸಂಶಯ ಹುಟ್ಟಿದರೆ ಅದೇ ಗಾಡಿಯನ್ನು ಬೇರೊಂದು ಕಾಟಾದ ಮೇಲೆ ತೂಗಿಸಿ ನೋಡಬಹುದು. ಕಡಿಯದೆ ಉಳಿದ ಕಬ್ಬೆಷ್ಟು, ಹೊಲದಲ್ಲಿಯೇ ಬಿಸಾಡಿದ ರವದಿ ಎಷ್ಟು ಎಂದು ಯಾರಾದರೂ ಕೇಳಿದರೆ ಹೊಲ ಎಲ್ಲಿಯೂ ಓಡಿಹೋಗಿರುವುದಿಲ್ಲ, ಹೋಗಿ ನೋಡಬಹುದು.

ಸಮುದ್ರದ ಬೆಳೆಗೆ ಈ ಅನುಕೂಲವಿಲ್ಲ. ಘಟ್ಟವನ್ನೇರಿ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ನಮ್ಮ ಸಂತೆಗಳಿಗೆ ಬರುವ ಬಂಗುಡೆಯನ್ನು ಬಂದರಿನಲ್ಲಿ ತೂಗಿರುತ್ತಾರೆ, ನಿಜ. ಆದರೆ ಬಲೆ ಮೇಲೆದ್ದಾಗ ಅದರಲ್ಲಿ ಇದ್ದುದೆಷ್ಟು, ಅದರಲ್ಲಿ ಬೆಲೆಯಿಲ್ಲದುದೆಂದೋ ಚಿಕ್ಕದೆಂದೋ ಕಾನೂನಿನ ಭಯದಿಂದಲೋ ಮತ್ತೆ ನೀರಿಗೆಸೆದುದೆಷ್ಟು ಎಂಬುದನ್ನು ಬಂದರಿನ ತಕ್ಕಡಿ ಹೇಳಲಾರದು. ಎಸೆದ ಮರುಕ್ಷಣವೇ ನೀರು ಮುಚ್ಚಿಕೊಳ್ಳುತ್ತದೆ. ಆಮೇಲೆ ಅಲ್ಲಿ ಯಾವ ಕುರುಹೂ ಉಳಿಯುವುದಿಲ್ಲ.

ಹೀಗೆ ಎಸೆಯಲ್ಪಡುವ ಮೀನು ಅಲ್ಪಸ್ವಲ್ಪವೆಂದು ವಾಚಕರು ತಿಳಿಯಬಾರದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ೨೦೧೯ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಸಮುದ್ರಗಳಲ್ಲಿ ವರ್ಷಕ್ಕೆ ಸುಮಾರು ೯೧ ಲಕ್ಷ ಟನ್ ಮೀನು ಹಿಡಿದು ಬಿಸಾಡಲ್ಪಡುತ್ತಿತ್ತು. ಇದು ೨೦೧೦ರಿಂದ ೨೦೧೪ರವರೆಗಿನ ವರ್ಷಗಳ ಸರಾಸರಿ. ಒಟ್ಟು ಹಿಡಿದುದರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು. ಇದರ ಹತ್ತಿರ ಹತ್ತಿರ ಅರ್ಧಪಾಲು ಸಮುದ್ರತಳವನ್ನು ಗೋರುತ್ತ ಸಾಗುವ ಟ್ರಾಲ್ ಬಲೆಗಳದು.

ನೀರಿಗೆ ಎಸೆದರೆ ಮೀನು ಮತ್ತೆ ಬದುಕಿಕೊಳ್ಳುವುದಿಲ್ಲವೆ ಎಂಬ ಪ್ರಶ್ನೆ ಸಹಜವಾಗಿಯೇ ಉದ್ಭವಿಸುತ್ತದೆ. ಕೃಷ್ಣೆಯಲ್ಲಿಯೋ ದೂಧಗಂಗೆಯಲ್ಲಿಯೋ ಬಲೆ ಹಾಕುವ ಅಂಬಿಗನು ಮರಿಮೀನನ್ನು ನೀರಿಗೆ ಬಿಟ್ಟರೆ ಅದು ಬಾಲ ಬಡಿದು ಹೋಗುವುದನ್ನು ನಾವು ಕಂಡಿದ್ದೇವೆ. ಆದರೆ ನದಿಗೂ ಆಳವಾದ ಕಡಲಿಗೂ ವ್ಯತ್ಯಾಸವುಂಟು. ಪ್ರತಿ ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡ ಸರಿಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಮೂರು ಮೀಟರ್ ಆಳದ ಮಡುವಿನಿಂದ ಮೇಲೆ ಬಂದ ಮೀನಿಗೆ ಒತ್ತಡದ ಬದಲಾವಣೆ ಅಷ್ಟೇನೂ ಅಲ್ಲ. ತೊಂಬತ್ತು ಮೀಟರ್ ಆಳದಲ್ಲಿಯಾದರೋ ಒಟ್ಟು ಒತ್ತಡ ಹತ್ತು ವಾಯುಮಂಡಲ. ಅಲ್ಲಿ ವಾಸಿಸುವ ಅನೇಕ ಜಾತಿಯ ಮೀನುಗಳ ಹೊಟ್ಟೆಯಲ್ಲಿ ತೇಲಲು ನೆರವಾಗುವ ಗಾಳಿಚೀಲವಿರುತ್ತದೆ. ಮೀನನ್ನು ಒಮ್ಮೆಗೇ ಮೇಲಕ್ಕೆಳೆದರೆ ಬಾಯ್ಲನ ನಿಯಮದಂತೆ ಆ ಗಾಳಿಯ ಗಾತ್ರ ಹತ್ತು ಪಟ್ಟಾಗಲು ಹವಣಿಸುತ್ತದೆ. ಕಣ್ಣುಗಳು ಹೊರಬೀಳುತ್ತವೆ, ಜಠರ ಬಾಯಿಂದ ಹೊರಚಾಚುತ್ತದೆ. ಅಂಥ ಮೀನನ್ನು ಕಡಲಿಗೆ ಎಸೆದರೆ ಎಸೆದುದು ಹೆಣವನ್ನೇ.

ಹಿಡಿದ ಮೀನಿನ ನಿಜವಾದ ಲೆಕ್ಕ ಏಕೆ ಬೇಕು? ಸಮುದ್ರದಲ್ಲಿರುವ ಮೀನನ್ನು ಯಾರೂ ಒಂದೊಂದಾಗಿ ಎಣಿಸಲಾರರು. ವರ್ಷವರ್ಷವೂ ಎಷ್ಟು ಮೀನು ಸತ್ತಿತು, ಸತ್ತವುಗಳ ವಯಸ್ಸೇನು, ಉದ್ದವೇನು ಎಂಬುದರಿಂದಲೇ ಉಳಿದಿರುವುದೆಷ್ಟು ಎಂದು ವಿಜ್ಞಾನಿಗಳು ಊಹಿಸಬೇಕು. ಸಾವಿನ ಪಟ್ಟಿಯಲ್ಲಿ ಹತ್ತನೆಯ ಒಂದು ಭಾಗ, ಅದೂ ಬಹುಮಟ್ಟಿಗೆ ಮರಿಗಳ ಭಾಗ, ಬಿಟ್ಟುಹೋದರೆ ಊಹೆಯೇ ತಪ್ಪುತ್ತದೆ. ನಮ್ಮ ದೇಶದಲ್ಲಿ ಈ ಲೆಕ್ಕದ ಹೊಣೆಯನ್ನು ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯು ಹೊತ್ತಿದೆ. ಕರಾವಳಿಯ ಬಂದರುಗಳನ್ನು ವರ್ಗಗಳಾಗಿ ವಿಂಗಡಿಸಿ, ಅವುಗಳಲ್ಲಿ ಕೆಲವನ್ನು, ಕೆಲವು ದಿನಗಳನ್ನು, ಕೆಲವು ದೋಣಿಗಳನ್ನು ಆಯ್ದು, ಅವು ತಂದ ಮೀನಿನಿಂದ ಒಟ್ಟು ಮೊತ್ತವನ್ನು ಗಣಿಸುವ ವಿಧಾನ ಅದರದು. ಬಹಳ ಅಚ್ಚುಕಟ್ಟಾದ ವಿಧಾನವೇ ಸರಿ. ಆದರೆ ಅದು ದಡಕ್ಕೆ ಬಂದ ಮೀನಿನ ಲೆಕ್ಕ.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಮಂಗಳೂರು, ಮಲ್ಪೆಗಳ ಕಡೆಯಲ್ಲಿ ಹಿಂದೆ ಕಡಲಿಗೇ ಎಸೆಯುತ್ತಿದ್ದ ಚಿಲ್ಲರೆ ಮೀನಿನ ಬಹುಭಾಗ ಈಗ ದಡಕ್ಕೆ ಬರುತ್ತಿದೆ. ಮೀನುಹುಡಿ, ಮೀನೆಣ್ಣೆ ತಯಾರಿಸುವ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಲೆಕ್ಕ ಬರೆಯುವವನಿಗೆ ಇದರಿಂದ ಅನುಕೂಲವಾಯಿತು. ಮರಿಮೀನಿಗೆ ಅನುಕೂಲವಾಯಿತೆಂದು ಹೇಳುವಂತಿಲ್ಲ.

ಸಮುದ್ರದಲ್ಲಿ ನಡೆಯುವುದನ್ನು ತಿಳಿಯಲು ಮೊದಲಿನಿಂದ ಇದ್ದ ಉಪಾಯವೆಂದರೆ ದೋಣಿಯ ಮೇಲೆ ಒಬ್ಬ ವೀಕ್ಷಕನನ್ನು ಕಳುಹಿಸುವುದು. ಇದಕ್ಕೆ ವೆಚ್ಚ ಹೆಚ್ಚು. ಸಣ್ಣ ದೋಣಿಗಳಲ್ಲಿ ಮಲಗಲು ಸ್ಥಳವೂ ಇರುವುದಿಲ್ಲ. ಹತ್ತು ಮಂದಿಯ ಜೀವನೋಪಾಯಕ್ಕೆ ವಿರುದ್ಧವಾದ ಸಂಗತಿಯನ್ನು ದಾಖಲಿಸಬೇಕಾದ ಹನ್ನೊಂದನೆಯವನು, ದಡದಿಂದ ನೂರಾರು ಮೈಲಿ ದೂರದಲ್ಲಿ, ಒಬ್ಬಂಟಿಯಾಗಿರುತ್ತಾನೆ. ಈ ಕೆಲಸದಲ್ಲಿ ಪ್ರಾಣ ಕಳೆದುಕೊಂಡವರೂ ಉಂಟು. ಆದುದರಿಂದ ವೀಕ್ಷಕನ ಬದಲಿಗೆ ಕ್ಯಾಮರಾವನ್ನೇ ಏಕೆ ಕಳುಹಿಸಬಾರದೆಂಬ ಯೋಚನೆ ಹುಟ್ಟಿತು.

ಈ ಯೋಚನೆಯನ್ನು ಮೊದಲು ಕಾರ್ಯರೂಪಕ್ಕೆ ತಂದವರಲ್ಲಿ ಮೀನುಗಾರರೂ ಇದ್ದರೆಂಬುದು ಗಮನಾರ್ಹ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ಹೈಡಾ ಗ್ವಾಯಿ ದ್ವೀಪಗಳ ಸಮೀಪದ ಸಮುದ್ರದಲ್ಲಿ, ಏಡಿ ಹಿಡಿಯುವವರು ತಳಕ್ಕೆ ಪಂಜರಗಳನ್ನು ಇಳಿಬಿಟ್ಟು ಬರುತ್ತಾರೆ. ಒಬ್ಬರ ಪಂಜರವನ್ನು ಇನ್ನೊಬ್ಬರು ಎತ್ತಿ ಏಡಿಯನ್ನು ಕದಿಯುವ ಚಾಳಿ ಹೆಚ್ಚಿದಾಗ ಮೀನುಗಾರರ ಸಂಘವೇ ಮುಂದೆ ಬಂದು, ೧೯೯೯ರ ಹೊತ್ತಿಗೆ, ಸುಮಾರು ಐವತ್ತು ದೋಣಿಗಳಲ್ಲಿ ಕ್ಯಾಮರಾಗಳನ್ನು ಇರಿಸಲು ಒಪ್ಪಿತು. ಪಂಜರದ ಬುರುಡೆಗಳಿಗೆ ಗುರುತಿನ ಸಣ್ಣ ರೇಡಿಯೋ ಬಿಲ್ಲೆಗಳನ್ನು ಕಟ್ಟಲಾಯಿತು. ಯಾರ ದೋಣಿ ಯಾರ ಪಂಜರವನ್ನು ಎತ್ತಿತು ಎಂಬುದು ತಾನಾಗಿಯೇ ದಾಖಲಾಗತೊಡಗಿತು.

ಇಂಥ ದೋಣಿಯಲ್ಲಿ ಏನೇನಿರುತ್ತದೆ ಎಂಬುದನ್ನು ಈಗ ನೋಡೋಣ. ನೀರು ತಾಗದ ಕವಚದೊಳಗೆ ಎರಡರಿಂದ ನಾಲ್ಕು ಕ್ಯಾಮರಾಗಳು: ಒಂದು ಬಲೆ ಮೇಲೇರುವ ಅಂಚಿನ ಕಡೆಗೆ, ಒಂದು ಮೀನು ವಿಂಗಡಿಸುವ ಸ್ಥಳದ ಮೇಲೆ, ಒಂದು ಕಡಲಿಗೆ ಎಸೆಯುವ ಕಿಂಡಿಯ ಮೇಲೆ. ಉಪಗ್ರಹಗಳ ಸಂಕೇತದಿಂದ ದೋಣಿಯ ಸ್ಥಾನವನ್ನೂ ವೇಗವನ್ನೂ ತಿಳಿಸುವ ಒಂದು ಉಪಕರಣ. ಬಲೆಯೆಳೆಯುವ ರಾಟೆಯ ಮೇಲೆ, ಅದು ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಸಾಧನ. ರಾಟೆಯನ್ನು ನಡೆಸುವ ತೈಲದ ಒತ್ತಡವನ್ನು ಅಳೆಯುವ ಮಾಪಕ. ಈ ಕೊನೆಯ ಎರಡರಲ್ಲಿಯೇ ಜಾಣ್ಮೆಯಿರುವುದು. ಬಲೆಯನ್ನು ಎಳೆಯತೊಡಗಿದೊಡನೆ ಭಾರದಿಂದ ತೈಲದ ಒತ್ತಡ ಏರುತ್ತದೆ, ರಾಟೆ ತಿರುಗುತ್ತದೆ, ದೋಣಿಯ ವೇಗ ತಗ್ಗುತ್ತದೆ. ಇವುಗಳಿಂದ ಯಂತ್ರವು ಕೆಲಸ ಪ್ರಾರಂಭವಾಯಿತೆಂದು ಅರಿತು ಚಿತ್ರಗ್ರಹಣಕ್ಕೆ ತೊಡಗುತ್ತದೆ. ಯಾರಾದರೂ ಕ್ಯಾಮರಾಕ್ಕೆ ಬಟ್ಟೆ ಮುಚ್ಚಿದರೂ ಒತ್ತಡದ ಗೆರೆ ಮಾತ್ರ ಕಾಗದದ ಮೇಲೆ ಎದ್ದು ನಿಂತು, ಇಂಥ ಗಂಟೆಗೆ ಇಂಥ ಸ್ಥಳದಲ್ಲಿ ಬಲೆ ಎದ್ದಿತೆಂದು ಸಾರುತ್ತದೆ.

ಚಿತ್ರದಿಂದ ಮೀನಿನ ಉದ್ದವನ್ನು ಅಳೆಯುವುದು ಹೇಗೆ? ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಸುಲಭವಾದ ಲೆಕ್ಕ. ಮೀನು ಹರಡುವ ಮೇಜಿನ ಮೇಲೆ ಎರಡು ಮೀಟರ್ ಎತ್ತರದಲ್ಲಿ ಕ್ಯಾಮರಾ ತೂಗಿದೆಯೆಂದೂ ಅದಕ್ಕೆ ಮೇಜಿನ ೧೨೦ ಸೆಂಟಿಮೀಟರ್ ಅಗಲ ಕಾಣುತ್ತದೆಂದೂ ಇಟ್ಟುಕೊಳ್ಳೋಣ. ಚಿತ್ರದ ಒಂದು ಸಾಲಿನಲ್ಲಿ ಪಿಕ್ಸೆಲ್ ಎಂಬ ಬಿಂದುಗಳು ೧೯೨೦ ಇದ್ದರೆ ಒಂದೊಂದು ಬಿಂದುವೂ ಮೇಜಿನ ೦.೬೨೫ ಮಿಲಿಮೀಟರಿಗೆ ಸಮ. ಕೇರಳ ಸರ್ಕಾರವು ೨೦೧೫ರಲ್ಲಿ ಬಂಗುಡೆಗೆ ೧೪ ಸೆಂಟಿಮೀಟರ್, ಭೂತಾಯಿಗೆ ೧೦ ಸೆಂಟಿಮೀಟರ್ ಎಂದು ಕನಿಷ್ಠ ಅಳತೆಯನ್ನು ಗೊತ್ತುಪಡಿಸಿತು. ಅದಕ್ಕಿಂತ ಚಿಕ್ಕದನ್ನು ಹಿಡಿಯಕೂಡದು. ೧೪ ಸೆಂಟಿಮೀಟರಿನ ಬಂಗುಡೆ ನಮ್ಮ ಚಿತ್ರದಲ್ಲಿ ೨೨೪ ಬಿಂದುಗಳಷ್ಟು ಉದ್ದವಾಗಿರುತ್ತದೆ. ಮೂತಿಯ ತುದಿಯಲ್ಲಿ ಎರಡು, ಬಾಲದ ತುದಿಯಲ್ಲಿ ಎರಡು ಬಿಂದು ತಪ್ಪಿದರೂ ದೋಷ ಎರಡೂವರೆ ಮಿಲಿಮೀಟರಿಗೆ ಮೀರುವುದಿಲ್ಲ.

ಇಷ್ಟು ಸುಲಭವೆ ಎಂದು ಹಿಗ್ಗುವ ಮೊದಲು ಮೀನನ್ನು ಮೇಜಿನ ಮೇಲೆ ರಾಶಿ ಹಾಕಿ ನೋಡೋಣ. ರಾಶಿಯ ನೆತ್ತಿ ಮೇಜಿಗಿಂತ ಇಪ್ಪತ್ತು ಸೆಂಟಿಮೀಟರ್ ಮೇಲಿದ್ದರೆ ಅಲ್ಲಿರುವ ಮೀನಿಗೂ ಕ್ಯಾಮರಾಕ್ಕೂ ನಡುವಿನ ದೂರ ೧.೮ ಮೀಟರ್. ದೂರ ಕಡಿಮೆಯಾದಷ್ಟೂ ಬಿಂಬ ದೊಡ್ಡದು. ೧೨.೬ ಸೆಂಟಿಮೀಟರಿನ ಮರಿಯೊಂದು ಆ ನೆತ್ತಿಯ ಮೇಲೆ ಕುಳಿತು ಸರಿಯಾಗಿ ೧೪ ಸೆಂಟಿಮೀಟರಿನ ವಯಸ್ಕನಂತೆ ಕಾಣಿಸಿಕೊಳ್ಳುತ್ತದೆ! ಸ್ಟೂಲಿನ ಮೇಲೆ ಹತ್ತಿ ನಿಂತ ಹುಡುಗನು ತಂದೆಯ ಎತ್ತರಕ್ಕೆ ಬಂದೆನೆಂದು ಹೇಳಿಕೊಂಡಂತೆ. ಆದುದರಿಂದಲೇ ಅಳತೆ ಬೇಕಾದ ಕಡೆ ಮೀನನ್ನು ಗೆರೆ ಹಾಕಿದ ಹಲಗೆಯ ಮೇಲೆ ಒಂದೇ ಪದರವಾಗಿ ಇರಿಸಬೇಕೆಂಬ ನಿಯಮವುಂಟು. ಸಾಗುವ ಪಟ್ಟಿಯ ಮೇಲೆ ಮೀನು ಚಲಿಸುತ್ತಿದ್ದರೆ ಮತ್ತೊಂದು ತೊಡಕು. ಪಟ್ಟಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಆಗಿದ್ದು, ಕ್ಯಾಮರಾದ ಕಣ್ಣು ಸೆಕೆಂಡಿನ ೫೦ನೆಯ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಮೀನು ಒಂದು ಸೆಂಟಿಮೀಟರ್ ಸರಿದು ಬಿಂಬ ಮಸುಕಾಗುತ್ತದೆ. ೫೦೦ನೆಯ ಒಂದು ಭಾಗ ಮಾತ್ರ ತೆರೆದರೆ ಮಸುಕು ಒಂದು ಮಿಲಿಮೀಟರಿಗೆ ಇಳಿಯುತ್ತದೆ. ಆದರೆ ಬೆಳಕು ಹತ್ತರಷ್ಟು ಬೇಕಾಗುತ್ತದೆ. ಮೀನುಗಾರಿಕೆಯಾದರೋ ಬಹುವಾಗಿ ರಾತ್ರಿಯ ಕೆಲಸ. ತೊಯ್ದ ಮೀನಿನ ಮೈಯಿಂದ ಪ್ರತಿಫಲಿಸುವ ಥಳಕು ಬೇರೆ. ಹೀಗೆ ಪ್ರತಿಫಲಿತವಾದ ಬೆಳಕು ಬಹುಮಟ್ಟಿಗೆ ಧ್ರುವೀಕೃತವಾಗಿರುವುದರಿಂದ, ಕ್ಯಾಮರಾವನ್ನು ಓರೆಯಾಗಿ ನಿಲ್ಲಿಸಿ ಅದರ ಮುಂದೆ ಧ್ರುವೀಕಾರಕ ಗಾಜನ್ನಿರಿಸಿ ಥಳಕನ್ನು ತಗ್ಗಿಸಬಹುದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಬ್ರೂಸ್ಟರನ ಕೋನವನ್ನು ಅಳೆಯುವ ವಿದ್ಯಾರ್ಥಿಗಳಿಗೆ ಅದರ ಉಪಯೋಗ ಇಂಥಲ್ಲಿಯೂ ಇದೆಯೆಂದು ತಿಳಿದರೆ ಸಂತೋಷವಾದೀತು.

ಚಿತ್ರಗಳನ್ನು ಸಂಗ್ರಹಿಸುವ ಪ್ರಶ್ನೆಯೂ ಸಣ್ಣದಲ್ಲ. ಒಂದೊಂದು ಕ್ಯಾಮರಾವೂ ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳಷ್ಟು ಮಾಹಿತಿಯನ್ನು ಕೊಡುವುದಾದರೆ ನಾಲ್ಕು ಕ್ಯಾಮರಾಗಳು ಎಡೆಬಿಡದೆ ನಡೆದಾಗ ಗಂಟೆಗೆ ೧.೮ ಗಿಗಾಬೈಟ್, ದಿನಕ್ಕೆ ೪೩, ಹತ್ತು ದಿನದ ಯಾತ್ರೆಗೆ ೪೩೦ ಗಿಗಾಬೈಟ್ ತುಂಬುತ್ತದೆ. ಉಪಗ್ರಹದ ಮೂಲಕ ಇಷ್ಟನ್ನು ಕಳುಹಿಸುವ ವೆಚ್ಚಕ್ಕೆ ಮೀನು ಮಾರಿದ ಹಣವೂ ಸಾಲದೆ ಹೋದೀತು. ಆದುದರಿಂದ ತಟ್ಟೆಯನ್ನೇ ಬಿಚ್ಚಿ ಬಂದರಿನಿಂದ ಕಚೇರಿಗೆ ಒಯ್ಯುವುದು ಬಹುಕಾಲದ ಪದ್ಧತಿ.

ಇಷ್ಟೆಲ್ಲ ಚಿತ್ರವನ್ನು ಕುಳಿತು ನೋಡುವವರು ಯಾರು? ನಮ್ಮ ದೃಷ್ಟಿಯಲ್ಲಿ ಈ ವಿಷಯದ ತಿರುಳು ಇಲ್ಲಿಯೇ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಗಾಳದಿಂದ ತಳಮೀನು ಹಿಡಿಯುವ ದೋಣಿಗಳೆಲ್ಲಕ್ಕೂ ೨೦೦೬ರಲ್ಲಿ ಸಮುದ್ರದ ಮೇಲಿನ ತನಿಖೆ ಕಡ್ಡಾಯವಾಯಿತು. ಬಹುತೇಕ ಎಲ್ಲರೂ ವೀಕ್ಷಕನ ಬದಲು ಕ್ಯಾಮರಾವನ್ನೇ ಆರಿಸಿಕೊಂಡರು. ಅಲ್ಲಿ ಚಿತ್ರದಿಂದ ಮೀನಿನ ಲೆಕ್ಕ ಹಾಕುವುದಿಲ್ಲ. ಲೆಕ್ಕವನ್ನು ಮೀನುಗಾರನೇ ತನ್ನ ದಿನಚರಿಯಲ್ಲಿ ಬರೆಯುತ್ತಾನೆ: ಇಂಥ ಜಾತಿಯದು ಇಷ್ಟು, ಇಟ್ಟುಕೊಂಡುದು ಇಷ್ಟು, ಎಸೆದುದು ಇಷ್ಟು. ತನಿಖೆಯವರು ಸುಮಾರು ಹತ್ತರಲ್ಲಿ ಒಂದು ಭಾಗದ ಚಿತ್ರವನ್ನು ಚೀಟಿಯೆತ್ತಿದಂತೆ ಆಯ್ದು ನೋಡಿ, ದಿನಚರಿಯೊಡನೆ ಹೋಲಿಸುತ್ತಾರೆ. ಹೊಂದಿಕೆಯಾದರೆ ದಿನಚರಿಯೇ ಅಧಿಕೃತ ಲೆಕ್ಕ. ಹೊಂದದಿದ್ದರೆ ಯಾತ್ರೆಯ ಚಿತ್ರವನ್ನೆಲ್ಲ ನೋಡಲಾಗುತ್ತದೆ, ಮತ್ತು ಅದರ ಖರ್ಚು ಮೀನುಗಾರನದು.

ಹತ್ತರಲ್ಲಿ ಒಂದು ಸಾಕೆ? ಕಾರ್ಖಾನೆಯ ಮುಂದೆ ಐವತ್ತು ಟ್ರ್ಯಾಕ್ಟರುಗಳು ನಿಂತಿವೆಯೆಂದು ಭಾವಿಸಿ, ಅವುಗಳಲ್ಲಿ ಐದನ್ನು ಮಾತ್ರ ಕಣ್ಣುಮುಚ್ಚಿ ಆಯ್ದು ಮರುತೂಕ ಮಾಡೋಣ. ಐವತ್ತರಲ್ಲಿ ಒಂದರ ತೂಕ ಮಾತ್ರ ಸುಳ್ಳಾಗಿದ್ದರೆ ಅದು ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ತೊಂಬತ್ತು. ಹತ್ತರ ತೂಕ ಸುಳ್ಳಾಗಿದ್ದರೆ? ಉಳಿದ ನಲವತ್ತರಿಂದಲೇ ಐದೂ ಬರಬೇಕು. ಆ ಸಂಭವ ೪೦/೫೦ × ೩೯/೪೯ × ೩೮/೪೮ × ೩೭/೪೭ × ೩೬/೪೬, ಎಂದರೆ ನೂರಕ್ಕೆ ಮೂವತ್ತೊಂದು. ಇಪ್ಪತ್ತರ ತೂಕ ಸುಳ್ಳಾಗಿದ್ದರೆ ಪಾರಾಗುವ ಸಂಭವ ನೂರಕ್ಕೆ ಏಳಕ್ಕೂ ಕಡಿಮೆ. ಒಮ್ಮೆ ಜಾರಿದವನು ಉಳಿಯಬಹುದು, ಜಾರುವುದನ್ನೇ ರೂಢಿ ಮಾಡಿಕೊಂಡವನು ಉಳಿಯಲಾರ. ಆದರೆ ಇದಕ್ಕೆ ಒಂದು ಕಟ್ಟುಪಾಡುಂಟು: ಯಾವ ಐದು ಎಂಬುದು ಮೊದಲೇ ಯಾರಿಗೂ ತಿಳಿದಿರಕೂಡದು. ತಿಳಿಯಿತೋ, ಮೇಲಿನ ಗುಣಾಕಾರಕ್ಕೆ ಅರ್ಥವೇ ಇಲ್ಲ.

ಯಾರೋ ನೋಡಬಹುದೆಂಬ ಅರಿವು ಬರವಣಿಗೆಯನ್ನು ಎಷ್ಟು ಬದಲಿಸುತ್ತದೆಂಬುದಕ್ಕೆ ನ್ಯೂಜಿಲೆಂಡಿನ ಅನುಭವ ಸಾಕ್ಷಿ. ಅಲ್ಲಿಯ ಸರ್ಕಾರವು ಸುಮಾರು ಮುನ್ನೂರು ದೋಣಿಗಳಲ್ಲಿ ಕ್ಯಾಮರಾ ಇರಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ಮೊದಲು ಕ್ಯಾಮರಾ ಪಡೆದ ದೋಣಿಗಳ ದಿನಚರಿಗಳನ್ನು ಹಿಂದಿನವುಗಳೊಡನೆ ಹೋಲಿಸಿದಾಗ, ಬಲೆಗೆ ಸಿಕ್ಕಿದ ಡಾಲ್ಫಿನ್‌ಗಳ ಸಂಖ್ಯೆ ಸುಮಾರು ಏಳು ಪಟ್ಟು, ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಸಂಖ್ಯೆ ಮೂರೂವರೆ ಪಟ್ಟು ಆಗಿತ್ತು. ಎಸೆದ ಮೀನಿನ ಪ್ರಮಾಣ ನೂರಕ್ಕೆ ೪೬ರಷ್ಟು ಏರಿತ್ತು. ಕ್ಯಾಮರಾ ಕಟ್ಟಿದ ಮಾತ್ರಕ್ಕೆ ಡಾಲ್ಫಿನ್‌ಗಳು ಓಡಿಬಂದು ಬಲೆಗೆ ಬೀಳುತ್ತವೆಯೆ? ಮೊದಲು ಬರೆಯದೆ ಇದ್ದುದನ್ನು ಈಗ ಬರೆದರು, ಅಷ್ಟೆ. ೨೦೧೫ರ ಜುಲೈಯಿಂದ ಟ್ಯೂನಾ ಮೊದಲಾದ ಮೀನುಗಾರಿಕೆಗಳಲ್ಲಿ ಈ ಕ್ರಮವನ್ನು ಜಾರಿಗೆ ತಂದ ಆಸ್ಟ್ರೇಲಿಯಾದಲ್ಲಿಯೂ ಫಲ ಇದೇ ಬಗೆಯದು.

ಇನ್ನು ನಮ್ಮ ಕರಾವಳಿಯ ಮಾತು. ಕರ್ನಾಟಕದಲ್ಲಿ ೧೯೮೬ರ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಇದೆ; ಜೂನ್ ೧ರಿಂದ ಜುಲೈ ೩೧ರವರೆಗೆ ಅರವತ್ತೊಂದು ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪ್ರಖರವಾದ ಎಲ್‌ಇಡಿ ದೀಪದಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ ಎರಡು ದೋಣಿಗಳು ಜೊತೆಯಾಗಿ ಒಂದೇ ಬಲೆಯನ್ನು ಎಳೆಯುವುದನ್ನೂ ಕೇಂದ್ರ ಸರ್ಕಾರವು ೨೦೧೭ರ ನವೆಂಬರಿನಲ್ಲಿ ನಿಷೇಧಿಸಿತು. ರಜೆಯ ನಿಯಮವನ್ನು ಬಂದರಿನಲ್ಲಿ ನಿಂತೇ ಪಾಲಿಸುವಂತೆ ಮಾಡಬಹುದು. ನಡುಕಡಲಿನ ದೀಪವನ್ನು ದಡದಿಂದ ಕಾಣುವುದು ಹೇಗೆ? ದೋಣಿ ಎಲ್ಲಿದೆಯೆಂಬುದೇ ತಿಳಿಯದ ಪ್ರಸಂಗಗಳುಂಟು. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ'ವೆಂಬ ದೋಣಿ ಏಳು ಮಂದಿಯೊಡನೆ ಕಣ್ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲವಣದಾಚೆ ಸಮುದ್ರತಳದಲ್ಲಿ ಪತ್ತೆಯಾದುದು ೨೦೧೯ರ ಮೇ ತಿಂಗಳಲ್ಲಿ. ಉಪಗ್ರಹದ ಮೂಲಕ ದೋಣಿಯ ನೆಲೆಯನ್ನು ತಿಳಿಸಿ, ಆಪತ್ತಿನ ಸಂದೇಶವನ್ನು ಒಯ್ಯುವ ಉಪಕರಣಗಳನ್ನು ಒಂದು ಲಕ್ಷ ದೋಣಿಗಳಲ್ಲಿ ಅಳವಡಿಸುವ ಯೋಜನೆಗೆ ೨೦೨೪ರ ಆಗಸ್ಟಿನಲ್ಲಿ ಚಾಲನೆ ದೊರೆಯಿತು. ಇದು ಪ್ರಾಣರಕ್ಷಣೆಯ ಸಾಧನ, ಬಹಳ ಅಗತ್ಯವಾದುದು. ಬಲೆಯಲ್ಲಿ ಬಿದ್ದುದೇನು ಎಂಬುದನ್ನು ಮಾತ್ರ ಅದು ಹೇಳದು.

ಹಾಗೆ ಹೇಳಲಾರದುದರ ಬೆಲೆಯನ್ನು ನಾವು ಈಗಾಗಲೇ ತೆತ್ತಿದ್ದೇವೆ. ಸಿಗಡಿಯ ಬಲೆಗೆ ಸಿಕ್ಕಿದ ಕಡಲಾಮೆ ಹೊರಹೋಗಲು ಕಿಂಡಿಯಿರಬೇಕೆಂಬುದು ಅಮೆರಿಕದ ಕಾನೂನು. ಅಂಥ ಸಾಧನವನ್ನು ಕೊಚ್ಚಿಯ ಕೇಂದ್ರೀಯ ಮತ್ಸ್ಯ ತಂತ್ರಜ್ಞಾನ ಸಂಸ್ಥೆಯು ರೂಪಿಸಿದೆ. ಆದರೂ ಬಲೆಗಳಲ್ಲಿ ಅದರ ಬಳಕೆ ಸಾಲದೆಂಬ ಕಾರಣದಿಂದ ೨೦೧೯ರಲ್ಲಿ ಅಮೆರಿಕವು ಭಾರತದ ಕಡಲಸಿಗಡಿಯ ಆಮದನ್ನು ತಡೆಯಿತು. ಕಿಂಡಿಯನ್ನು ಹೊಲಿದುಕೊಂಡು ಪ್ರಾಮಾಣಿಕವಾಗಿ ಬಲೆಯೆಳೆಯುವ ದೋಣಿಯವನ ಬಳಿಯೂ ಅದನ್ನು ತೋರಿಸಿಕೊಡುವ ಸಾಕ್ಷ್ಯವಿರುವುದಿಲ್ಲ.

ಹೀಗೆಂದು ಕೆನಡಾದ ಪದ್ಧತಿಯನ್ನು ಇದ್ದಂತೆಯೇ ಮಲ್ಪೆಗೆ ತರುವುದು ಸಾಧ್ಯವೆಂದು ನಮಗೆ ತೋರುವುದಿಲ್ಲ. ಅಲ್ಲಿ ಗಾಳದಲ್ಲಿ ಮೀನು ಒಂದೊಂದಾಗಿ ಮೇಲೇರುತ್ತದೆ. ಪ್ರತಿಯೊಂದೂ ಕ್ಯಾಮರಾದ ಮುಂದೆ ಹಾದುಹೋಗಲೇಬೇಕು. ನಮ್ಮ ಟ್ರಾಲ್ ಬಲೆ ಬಿಚ್ಚಿದರೆ ಹತ್ತಾರು ಜಾತಿಯ ಮೀನು, ಸಿಗಡಿ, ಏಡಿ, ಬೊಂಡಾಸಗಳೆಲ್ಲ ಒಂದೇ ರಾಶಿಯಾಗಿ ಸುರಿಯುತ್ತವೆ. ಕ್ಯಾಮರಾಕ್ಕೆ ಕಾಣುವುದು ಮೇಲಿನ ಪದರ ಮಾತ್ರ. ಚಿತ್ರ ನೋಡಿ ಜಾತಿಯನ್ನು ಗುರುತಿಸುವಂತೆ ಗಣಕಯಂತ್ರಗಳಿಗೆ ಸಾವಿರಾರು ಚಿತ್ರಗಳಿಂದ ಕಲಿಸುವ ಪ್ರಯತ್ನಗಳು ನಡೆದಿವೆ. ಒಂದೊಂದಾಗಿ ಬರುವ ಮೀನಿನಲ್ಲಿ ಅವು ಗೆದ್ದಿವೆ, ರಾಶಿಯಲ್ಲಿ ಇನ್ನೂ ತಡವರಿಸುತ್ತವೆ. ಹೊರಗಟ್ಟಿದ ಯಂತ್ರದ ಚಿಕ್ಕ ನಾಡದೋಣಿಗಳಲ್ಲಿ ಕ್ಯಾಮರಾ ನಿಲ್ಲಿಸಲು ಕಂಬವೂ ಇಲ್ಲ. ಯೂರೋಪಿನ ಒಕ್ಕೂಟ ಸಹ ೨೦೨೩ರ ತನ್ನ ನಿಯಮದಲ್ಲಿ ಹದಿನೆಂಟು ಮೀಟರಿಗಿಂತ ಉದ್ದವಾದ, ನಿಯಮೋಲ್ಲಂಘನೆಯ ಸಂಭವ ಹೆಚ್ಚಾಗಿರುವ ಹಡಗುಗಳಿಗೆ ಮಾತ್ರ ೨೦೨೮ರಿಂದ ಕ್ಯಾಮರಾವನ್ನು ವಿಧಿಸಿದೆ.

ಮೀನುಗಾರನ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ದೋಣಿ ಅವನಿಗೆ ದುಡಿಯುವ ಸ್ಥಳ ಮಾತ್ರವಲ್ಲ, ಹತ್ತು ದಿನ ಉಣ್ಣುವ, ಮಲಗುವ ಮನೆಯೂ ಹೌದು. ಎಲ್ಲಿ ಮೀನು ಸಿಗುತ್ತದೆಂಬುದು ಅವನ ತಲೆಮಾರಿನ ಗುಟ್ಟು; ಆ ಗುಟ್ಟು ತಟ್ಟೆಯ ಮೇಲೆ ಗಳಿಗೆಗಳಿಗೆಗೂ ದಾಖಲಾಗಿರುತ್ತದೆ. ಆ ತಟ್ಟೆ ಯಾರ ಸ್ವತ್ತು, ಯಾರು ನೋಡಬಹುದು, ಎಷ್ಟು ದಿನದ ಮೇಲೆ ಅಳಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಬೇಕು. ಏಡಿಯ ಪಂಜರಗಳಿಗೆ ಕ್ಯಾಮರಾ ಬಂದಾಗ ಈ ಮಾತುಗಳನ್ನು ಮೀನುಗಾರರ ಸಂಘವೇ ಕುಳಿತು ತೀರ್ಮಾನಿಸಿತ್ತು. ನಮ್ಮಲ್ಲಿ ಮೊದಲ ಕ್ಯಾಮರಾ ಏರಬೇಕಾದುದು, ನಮ್ಮ ಅಭಿಪ್ರಾಯದಲ್ಲಿ, ಆಮೆಯ ಕಿಂಡಿಯಿರುವ ಬಲೆಯನ್ನು ಎಳೆಯುತ್ತಿರುವ ದೋಣಿಯ ಮೇಲೆ. ಅಲ್ಲಿ ರಾಶಿಯನ್ನು ಎಣಿಸಬೇಕಾಗಿಲ್ಲ, ಉದ್ದವನ್ನು ಅಳೆಯಬೇಕಾಗಿಲ್ಲ. ಬಲೆ ಅಂಚಿನ ಮೇಲೆ ಏರುವ ಒಂದು ನಿಮಿಷದಲ್ಲಿ ಕಿಂಡಿ ತೆರೆದಿದೆಯೋ ಹೊಲಿದು ಮುಚ್ಚಿದೆಯೋ ಎಂಬುದು ಕಂಡರೆ ಸಾಕು. ಅದಕ್ಕೆ ಸೆಕೆಂಡಿಗೆ ಐದು ಚಿತ್ರಗಳು ಧಾರಾಳವಾಯಿತು.